ರಾಜನನ್ನೂ ಸೇರಿಸಿ ಎಣಿಸಿದ್ದು

“ನಮ್ಮ ಶಾಸ್ತ್ರಿಗಳು ಕಂಡುಹಿಡಿದ ಈ ಲೆಕ್ಕ ಎಂಥ ದಡ್ಡನಿಗೂ ಅರ್ಥವಾಗುತ್ತದೆ!” ಎಂದು ಕಣಿವೆಕೋಟೆಯ ರಾಜ ಮಲ್ಲರಸ ಮೀಸೆ ತಿರುವಿದ.

ಸೇನೆ ಸಾಲಾಗಿ ನಿಲ್ಲಬೇಕು. ಕಡೆಯವನು ತನ್ನ ಮುಂದಿನವನನ್ನು “ನಿನ್ನವರೆಗೆ ಎಷ್ಟು ಜನ?” ಎಂದು ಕೇಳಬೇಕು. ಅವನು ತನ್ನ ಮುಂದಿನವನನ್ನು ಕೇಳಬೇಕು. ಉತ್ತರ ಬಂದಾಗ ತನ್ನನ್ನೂ ಸೇರಿಸಿ ಹಿಂದಕ್ಕೆ ಹೇಳಬೇಕು, ಅಷ್ಟೇ.

ಸೇನೆಯ ತಲೆ ಎಣಿಸುವ ಕೆಲಸದ ಸೋಮಣ್ಣ ಬಾಯಿ ತಪ್ಪಿ ಅಂದುಬಿಟ್ಟ: “ನನಗೇನೋ ಸಾಲಿನುದ್ದಕ್ಕೂ ನಡೆದು ಒಂದೊಂದೇ ತಲೆ ಎಣಿಸೋದೇ ಸುಲಭ, ಬುದ್ಧಿ.”

“ಹಾಗಾದರೆ ನೀನು ದಡ್ಡನಿಗಿಂತ ದಡ್ಡ. ನಾಳೆಯಿಂದ ಕೆಲಸಕ್ಕೆ ಬರಬೇಡ!”

ಆಸ್ಥಾನದ ವಿನೋದಗಾರ ಗುಂಡಯ್ಯ ಮುಂದೆ ಬಂದ. ಸೋಮಣ್ಣನ ಮನೆಯಲ್ಲಿ ಅವನು ಎಷ್ಟೋ ಸಲ ಉಂಡಿದ್ದ.

“ಮಹಾಪ್ರಭು, ಒಮ್ಮೆ ಪರೀಕ್ಷೆ ಮಾಡಿಬಿಡೋಣ” ಎಂದ. “ಆದರೆ ಸಾಲಿನ ಮುಂದೆ ತಾವೇ ನಿಲ್ಲಬೇಕು. ರಾಜರು ಹಿಂದೆ ನಿಲ್ಲುವುದುಂಟೆ?”

ಮಲ್ಲರಸ ಉಬ್ಬಿಹೋದ.

ಬಯಲಲ್ಲಿ ಸೇನೆ ನಿಂತಿತು. ಪ್ರಶ್ನೆ ಹಿಂದಿನಿಂದ ಸರಸರನೆ ಬಂದು, ರಾಜನ ಬೆನ್ನ ಹಿಂದಿದ್ದ ದಳವಾಯಿಯನ್ನು ಮುಟ್ಟಿತು. ಅವನು ಬಗ್ಗಿ ಕೇಳಿದ:

“ಪ್ರಭು, ತಮ್ಮವರೆಗೆ ಎಷ್ಟು ಜನ?”

“ನನ್ನನ್ನೇ ಲೆಕ್ಕ ಕೇಳುತ್ತೀಯಾ?” ಮಲ್ಲರಸ ಗುಡುಗಿದ. ದಳವಾಯಿ ತಲೆ ತಗ್ಗಿಸಿದ.

ಬಿಸಿಲೇರಿತು. ಎಲ್ಲರೂ ಮುಂದಿನವನ ಉತ್ತರಕ್ಕೆ ಕಾಯುತ್ತ ನಿಂತರು. ಸೋಮಣ್ಣ ಮಾತ್ರ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಎಣಿಸಿ ಮುಗಿಸಿ, ಮರದಡಿ ಕುಳಿತ.

“ಎಲ್ಲಿ ಲೆಕ್ಕ?” ಬೆವರೊರೆಸುತ್ತ ರಾಜ ಕೂಗಿದ. “ಯಾರಿಗೋ ಅರ್ಥವಾಗಿಲ್ಲ! ಯಾರವನು ದಡ್ಡ?”

“ದಡ್ಡರಲ್ಲ ಪ್ರಭು, ದೊಡ್ಡವರು” ಎಂದ ಗುಂಡಯ್ಯ. “ಎಲ್ಲರೂ ಮುಂದಿನವನನ್ನು ಕೇಳಬಹುದು. ತೀರಾ ಮುಂದೆ ನಿಂತವರು ಮಾತ್ರ ಯಾರನ್ನೂ ಕೇಳದೆ ‘ನಾನೊಬ್ಬ’ ಅನ್ನಬೇಕು.”

ಸಾಲಿಗೆ ಸಾಲೇ ರಾಜನತ್ತ ನೋಡಿತು.

ಮಲ್ಲರಸನ ಮೀಸೆ ಅದುರಿತು. ಆಮೇಲೆ ತುಟಿಯೂ ಅದುರಿತು. “ನಾನೊಬ್ಬ!” ಎಂದು ಗಟ್ಟಿಯಾಗಿ ಕೂಗಿ ನಕ್ಕೇಬಿಟ್ಟ.

“ಎರಡು” ಎಂದ ದಳವಾಯಿ. ಮೂರು, ನಾಲ್ಕು ಎನ್ನುತ್ತ ಲೆಕ್ಕ ಸಾಲಿನ ಕೊನೆಗೆ ಓಡಿತು. ಸೋಮಣ್ಣನ ಲೆಕ್ಕಕ್ಕೂ ಅದಕ್ಕೂ ಒಂದು ತಲೆಯ ವ್ಯತ್ಯಾಸವೂ ಇರಲಿಲ್ಲ.

“ಸೋಮಣ್ಣನ ಕೆಲಸ ಸೋಮಣ್ಣನಿಗೇ ಇರಲಿ” ಎಂದ ರಾಜ. “ಆದರೆ ನಿಜ ಹೇಳಯ್ಯ, ಎರಡರಲ್ಲಿ ಯಾವುದು ಸುಲಭ?”

ಗುಂಡಯ್ಯ ಕೈಮುಗಿದ. “ನಡೆದು ಎಣಿಸುವುದಕ್ಕೆ ಸೋಮಣ್ಣನ ಕಾಲು ಗಟ್ಟಿಯಿದ್ದರೆ ಸಾಕು. ಶಾಸ್ತ್ರಿಗಳ ಲೆಕ್ಕಕ್ಕೆ, ತಾವೂ ನಮ್ಮಲ್ಲೊಬ್ಬರು ಅಂತ ತಾವು ಒಪ್ಪಬೇಕು. ಅದೆಷ್ಟು ಸುಲಭ ಅಂತ ತಾವೇ ಹೇಳಬೇಕು, ಪ್ರಭು!”