ಬೆನ್ನು ತೋರಿಸಿ ಬಿದ್ದ ನಟ

"ಬುದ್ಧಿ, ಆ ಇಬ್ಬರು ಹಿರಿಯ ನಟರಲ್ಲಿ ದೊಡ್ಡವರು ಯಾರು?"

ಬೆಳಗಿನ ಪೂಜೆ ಮುಗಿದಿತ್ತು. ಮಠದ ಕೈಸಾಲೆಯಲ್ಲಿ ನಿಂತು ಮರುಳಸಿದ್ಧ ಹೀಗೆ ಕೇಳಿದ. ಅವನ ದನಿಯಲ್ಲಿ ತಿಳಿದುಕೊಳ್ಳುವ ಆಸೆಗಿಂತ ಸಿಟ್ಟು ಹೆಚ್ಚಾಗಿತ್ತು. ಹಿಂದಿನ ದಿನದ ಪತ್ರಿಕೆಯಲ್ಲಿ ಆ ಇಬ್ಬರ ಚಿತ್ರಗಳು ಅಕ್ಕಪಕ್ಕದಲ್ಲಿ ಅಚ್ಚಾಗಿದ್ದವು. ಅದನ್ನು ನೋಡಿ ಅವನಿಗೂ ಅವನ ಜೊತೆಯ ಶಿಷ್ಯ ಗುರುಪಾದನಿಗೂ ಮಾತು ಹತ್ತಿತು. ಮಾತಿಗೆ ಮಾತು ಬೆಳೆಯಿತು. ರಾತ್ರಿಯ ಪಂಕ್ತಿಯಲ್ಲಿ ಒಬ್ಬನ ಪಕ್ಕದಲ್ಲಿ ಇನ್ನೊಬ್ಬ ಕೂರಲಿಲ್ಲ.

"ತಾವು ಒಂದು ಮಾತು ಅಪ್ಪಣೆ ಕೊಡಿಸಿಬಿಡಿ, ಬುದ್ಧಿ. ತಮ್ಮ ಬಾಯಿಂದ ಬಂದರೆ ಗುರುಪಾದ ಎದುರಾಡುವುದಿಲ್ಲ."

ಗುರುಗಳು ಕೂತುಕೋ ಎಂದು ಕೈಸನ್ನೆ ಮಾಡಿದರು. ಅವನು ಕೂತ. ಅವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಹತ್ತಿರದ ಪೇಟೆಯಲ್ಲಿ ಒಬ್ಬ ವ್ಯಾಪಾರಿಯಿದ್ದ. ರೈತನ ಅಕ್ಕನನ್ನು ಆ ವ್ಯಾಪಾರಿಗೆ ಕೊಟ್ಟಿದ್ದರು. ತಾಯಿ ಬೇಗ ಕಣ್ಣುಮುಚ್ಚಿದ ಮನೆ ಅದು. ಅಕ್ಕನೇ ತಮ್ಮನನ್ನು ಸೊಂಟದ ಮೇಲೆ ಹೊತ್ತು ದೊಡ್ಡವನನ್ನಾಗಿ ಮಾಡಿದ್ದಳು. ಹಾಗಾಗಿ ಅವನಿಗೆ ಅಕ್ಕ ಎಂದರೆ ಪ್ರಾಣ. ಭಾವನನ್ನು ಕಂಡರೂ ಪ್ರೀತಿಯೇ. ಒಂದೇ ಒಂದು ವಿಷಯ ಬಂದರೆ ಮಾತ್ರ ಭಾವ ಬಾಮೈದ ಇಬ್ಬರೂ ಹಾವು ಮುಂಗುಸಿ.

ಆ ಕಾಲದಲ್ಲಿ ಹೆಸರುವಾಸಿಯಾದ ಇಬ್ಬರು ನಟರಿದ್ದರು. ಇಬ್ಬರೂ ಒಂದೇ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ ಬೆಳೆದವರು. ಸಿನಿಮಾಕ್ಕೂ ಹೆಚ್ಚುಕಡಿಮೆ ಒಟ್ಟಿಗೇ ಬಂದರು. ಅಲ್ಲಿಂದ ದಾರಿ ಬೇರೆಯಾಯಿತು. ಒಬ್ಬ ರಾಜನ ಪಾತ್ರಕ್ಕೆ ಹೆಸರಾದ. ಅವನು ಕಿರೀಟ ಇಟ್ಟು ಬಾಯಿ ತೆರೆದರೆ ಟಾಕೀಸಿನ ತಗಡು ನಡುಗುತ್ತಿತ್ತು. ಅವನ ಕಟೌಟಿಗೆ ಜನ ಹಾಲೆರೆದರು, ಅವನ ಹೆಸರನ್ನು ಮಕ್ಕಳಿಗಿಟ್ಟರು. ಇನ್ನೊಬ್ಬ ಬಡವನ ಪಾತ್ರಕ್ಕೆ ಹೆಸರಾದ. ಅವನಿಗೆ ಸಿಕ್ಕ ಸಿನಿಮಾಗಳು ಕಡಿಮೆ. ನಡುವೆ ಕೆಲವು ವರ್ಷ ಅವನನ್ನು ಯಾರೂ ಕರೆಯಲೇ ಇಲ್ಲ. ಆಮೇಲೆ ನೆರೆತ ತಲೆಯಲ್ಲಿ ಮತ್ತೆ ಬಂದ. ಸೋತ ಅಪ್ಪನಾಗಿ ಹೊಸಿಲಲ್ಲಿ ಕೂತ. ಮಾತಿಲ್ಲದೆ ಜನರನ್ನು ಅಳಿಸಿದ. ದೊಡ್ಡ ಪ್ರಶಸ್ತಿಗಳೆಲ್ಲ ಅವನ ಮನೆಗೆ ಹೋದವು.

ರೈತ ರಾಜನ ಕಡೆ. ವ್ಯಾಪಾರಿ ಬಡವನ ಕಡೆ. ವಿಶೇಷವೆಂದರೆ ಇಬ್ಬರು ನಟರೂ ಸಾಯುವ ದೃಶ್ಯಕ್ಕೆ ಪ್ರಸಿದ್ಧರು. ಯಾರು ಚೆನ್ನಾಗಿ ಸಾಯುತ್ತಾರೆ ಎಂಬುದೇ ಭಾವ ಬಾಮೈದರ ವಾದ.

ಒಮ್ಮೆ ವ್ಯಾಪಾರಿಯ ಹೊಸ ಮನೆಯ ಒಕ್ಕಲಿಗೆ ನೆಂಟರಿಷ್ಟರು ಸೇರಿದ್ದರು. ಪಂಕ್ತಿ ಕೂತಿತ್ತು. ಹೋಳಿಗೆ ಬಡಿಸುವ ಹೊತ್ತಿಗೆ ವ್ಯಾಪಾರಿ ಬಾಮೈದನನ್ನು ಕೆಣಕಿದ.

"ಅಲ್ಲ ಕಣಯ್ಯಾ, ನಿಮ್ಮ ರಾಜ ಸಾಯೋಕೆ ಅರ್ಧ ಗಂಟೆ ತಗೋತಾನೆ. ಅವನು ಬಾಣ ತಿಂದಾಗ ಎದ್ದು ಹೊರಗೆ ಹೋದರೆ, ಕಡಲೆಕಾಯಿ ತಿಂದು, ಕಾಫಿ ಕುಡಿದು ಬಂದರೂ ಇನ್ನೂ ಮಾತಾಡ್ತಾನೇ ಇರ್ತಾನೆ."

"ನಿಮ್ಮೋನು ಹುಟ್ಟಿದಾಗಿನಿಂದ ಸಾಯ್ತಾನೇ ಇದ್ದಾನೆ ಬಿಡಿ ಭಾವ," ಎಂದ ರೈತ. "ಟಾಕೀಸಿನೋರೇ ಅವನ ತಿಥಿ ಮಾಡಿ ಕೈ ತೊಳ್ಕೊಂಡವ್ರೆ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಬೀಗರ ಮುಂದೆ ವ್ಯಾಪಾರಿಗೆ ಮುಖಭಂಗವಾಯಿತು. ಅವನು ತಮಾಷೆಯನ್ನು ಬಿಟ್ಟು ಹೇಳಿದ.

"ಎಮ್ಮೆ ಬಾಲ ಹಿಡಿದು ಬೆಳೆದೋನಿಗೆ ನಟನೆ ಅಂದ್ರೆ ಏನು ಗೊತ್ತು?"

ರೈತ ಅರ್ಧ ಊಟದ ಎಲೆಯನ್ನು ಬಿಟ್ಟು ಎದ್ದ. ಎಂಜಲು ಕೈಯಲ್ಲೇ ಹೊರಗೆ ಬಂದ. ಈ ಹೊಸಿಲು ಮತ್ತೆ ತುಳಿಯುವುದಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಉಣ್ಣುವ ಎಲೆಯಿಂದ ಎದ್ದು ಹೋದರೆ ಮನೆಯವರಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ವ್ಯಾಪಾರಿಯೂ ಹಟ ಹಿಡಿದ. ಹೆಂಡತಿ ತವರಿಗೆ ಹೋಗಕೂಡದು ಎಂದ.

ಗೌರಿ ಹಬ್ಬ ಬಂತು. ರೈತನ ಮನೆಯಲ್ಲಿ ಮೊರದ ಬಾಗಿನ ಕಟ್ಟಿದ್ದು ಕಟ್ಟಿದಂತೆಯೇ ಉಳಿಯಿತು. ಕೊಡಲು ಅವನು ಹೋಗಲಿಲ್ಲ. ತೆಗೆದುಕೊಳ್ಳಲು ಅವಳು ಬರಲಿಲ್ಲ. ಮರುವರ್ಷವೂ ಹಾಗೆಯೇ ಆಯಿತು. ಆ ಮೊರವನ್ನು ಕಂಡಾಗೆಲ್ಲ ಅವನಿಗೆ ಅಕ್ಕನ ನೆನಪಾಗುತ್ತಿತ್ತು. ಆದರೂ ತಲೆ ಬಾಗಿಸಲು ಮನಸ್ಸು ಬರಲಿಲ್ಲ.

ಹೀಗಿರುವಾಗ ಪೇಟೆಯ ಟಾಕೀಸಿನ ಯಜಮಾನ ಒಂದು ಸಮಾರಂಭ ಏರ್ಪಡಿಸಿದ. ಆ ಇಬ್ಬರು ಮುದಿ ನಟರನ್ನು ಒಂದೇ ವೇದಿಕೆಯಲ್ಲಿ ಕೂರಿಸಿ ಸನ್ಮಾನ ಮಾಡುವುದೆಂದು ಸಾರಿದ. ಸುದ್ದಿ ಕೇಳಿದ ಅಕ್ಕ ಗಂಡನನ್ನು ಕೂರಿಸಿಕೊಂಡು ಕಡ್ಡಿ ಮುರಿದಂತೆ ಹೇಳಿದಳು. ತಮ್ಮನಿಗೂ ಅದೇ ಮಾತನ್ನು ಹೇಳಿ ಕಳಿಸಿದಳು.

"ಇಬ್ರೂ ಹೋಗಿ ಪಕ್ಕಪಕ್ಕದಲ್ಲೇ ಕೂತು ನೋಡಿ ಬನ್ನಿ. ಯಾರು ದೊಡ್ಡೋನು ಅಂತ ಅಲ್ಲೇ ಇತ್ಯರ್ಥ ಮಾಡ್ಕೊಳ್ಳಿ. ಸೋತೋನು ಗೆದ್ದೋನ ಬಾಗಿಲಿಗೆ ಹೋಗಿ ನಿಮ್ಮೋನೇ ದೊಡ್ಡೋನು ಅನ್ನಲಿ. ನಿಮ್ಮ ನಟರು ಯಾರಿಗೆ ಬೇಕು? ನನಗೆ ನನ್ನ ತವರು ಬೇಕು."

ರೈತ ಒಪ್ಪಿದ. ಗೆದ್ದರೆ ಅಕ್ಕನೂ ಬರುತ್ತಾಳೆ, ಆಡಿದ ಮಾತೂ ಉಳಿಯುತ್ತದೆ ಎಂಬುದು ಅವನ ಲೆಕ್ಕ. ಭಾವ ಬಾಮೈದ ಇಬ್ಬರೂ ಟಾಕೀಸಿನ ಬಾಗಿಲಲ್ಲಿ ಸೇರಿದರು. ಮುಖ ನೋಡದೆ ಮಾತಾಡಿಕೊಂಡರು. ಜನ ಹೇಗೂ ಸಾಯುವ ದೃಶ್ಯ ಕೇಳುತ್ತಾರೆ. ಯಾರು ಬಿದ್ದದ್ದು ನಿಜವೆಂಬಂತೆ ಕಾಣುತ್ತದೋ ಅವನೇ ದೊಡ್ಡವನು. ಕಣ್ಣು ಕಂಡದ್ದನ್ನು ಬಾಯಿ ಹೇಳಬೇಕು. ಪಕ್ಷಪಾತ ಮಾಡಿದವನಿಗೆ ಶಿವನಾಣೆ.

ಟಾಕೀಸು ಕಿಕ್ಕಿರಿದಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮುಗಿಯಿತು. ನಟರಿಬ್ಬರಿಗೂ ಪೇಟ ತೊಡಿಸಿದರು. ಜನ ಆಗಲೇ ಕೂಗತೊಡಗಿದ್ದರು. "ಸಾಯೋ ಸೀನು! ಸಾಯೋ ಸೀನು!"

ರಾಜನ ಪಾತ್ರದವನು ಮೊದಲು ಎದ್ದ. ಎಪ್ಪತ್ತು ದಾಟಿದ ಮುದುಕ. ಮೆಟ್ಟಿಲು ಹತ್ತುವಾಗ ಇಬ್ಬರು ಹಿಡಿದಿದ್ದರು. ಈಗ ಊರುಗೋಲನ್ನೇ ಕತ್ತಿ ಮಾಡಿ ಹಿಡಿದ. ಬೆನ್ನು ನೆಟ್ಟಗಾಯಿತು. ರಣರಂಗದ ಕಡೆಯ ಮಾತನ್ನು ಹೇಳಿದ. ಎದೆಗೆ ಬಾಣ ನಾಟಿದಂತೆ ತತ್ತರಿಸಿದ. ಒಂದು ಮೊಣಕಾಲು ಊರಿದ, ಇನ್ನೊಂದು ಊರಿದ. ಮುಖವನ್ನು ಜನರ ಕಡೆಗೆ ತಿರುಗಿಸಿ ನಿಧಾನವಾಗಿ ಒರಗಿದ. ಕಣ್ಣು ತೆರೆದೇ ಇತ್ತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಚಪ್ಪಾಳೆ ನಿಲ್ಲುವ ಹೊತ್ತಿಗೆ ವ್ಯಾಪಾರಿಯ ಕಣ್ಣೂ ಒದ್ದೆಯಾಗಿತ್ತು.

ಆಮೇಲೆ ಬಡವನ ಪಾತ್ರದವನು ಎದ್ದ. ಮೈಕಿನ ಮುಂದೆ ನಿಂತು ನಕ್ಕ. "ಅವನಿಗೆ ಕತ್ತಿ ಇದೆ, ಮಾತಿದೆ. ನನಗೆ ಎರಡೂ ಇಲ್ಲ. ನಾನೇನು ಮಾಡಲಿ ಹೇಳಿ," ಎಂದ. ಜನ ನಕ್ಕರು. ಅವನು ಎರಡು ಹೆಜ್ಜೆ ನಡೆದ. ನಿಂತ. ಮೈಕಿನ ಕಂಬವನ್ನು ಹಿಡಿದುಕೊಂಡ. ಏನೋ ಹೇಳಲು ಬಾಯಿ ತೆರೆದ, ಮಾತು ಬರಲಿಲ್ಲ. ಜನರಿಗೆ ಬೆನ್ನು ಮಾಡಿ ಪರದೆಯ ಕಡೆಗೆ ತಿರುಗಿದ. ಗಾಡಿಯಿಂದ ಜಾರಿದ ಮೂಟೆಯಂತೆ ಪಕ್ಕಕ್ಕೆ ಬಿದ್ದ. ಪೇಟ ಉರುಳಿ ಹೋಯಿತು. ಒಂದು ಕಾಲು ಸ್ವಲ್ಪ ಹೊತ್ತು ಹಲಗೆಯನ್ನು ಕೆರೆಯಿತು. ಅಷ್ಟೇ.

ಗುರುಗಳು ಇಲ್ಲಿ ಕತೆ ನಿಲ್ಲಿಸಿದರು.

"ಮರುಳಸಿದ್ಧ, ಇಬ್ಬರಲ್ಲಿ ಯಾರದು ಚೆನ್ನಾಗಿತ್ತು?"

ಮರುಳಸಿದ್ಧ ಹಿಂದುಮುಂದು ನೋಡಲಿಲ್ಲ. ಗುರುಗಳೇ ಕೇಳಿದರೆಂದು ಅವನಿಗೆ ಉತ್ಸಾಹ ಬಂದಿತ್ತು.

"ಮೊದಲನೆಯವರದೇ, ಬುದ್ಧಿ. ಅದರಲ್ಲಿ ಕೇಳುವುದೇನಿದೆ? ಎರಡನೆಯವರು ಜನರಿಗೆ ಮುಖವನ್ನೇ ತೋರಿಸಲಿಲ್ಲ. ಅಷ್ಟು ವರ್ಷ ನಟಿಸಿದವರಿಗೆ ಅಷ್ಟೂ ತಿಳಿಯಬಾರದೇ?"

"ಆ ರೈತನೂ ಇದನ್ನೇ ಅಂದ," ಎಂದು ಗುರುಗಳು ಮುಂದುವರಿಸಿದರು.

ರೈತನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗೆದ್ದೆ ಎಂದು ಅವನಿಗೆ ತಿಳಿದುಹೋಗಿತ್ತು. ಅಕ್ಕ ಹೊಸಿಲು ದಾಟಿ ಒಳಗೆ ಬರುವುದು ಕಣ್ಣಿಗೆ ಕಟ್ಟಿತ್ತು. ಅವನು ಕುರ್ಚಿಯ ಮೇಲೆ ಹತ್ತಿ ನಿಂತು ಇಡೀ ಟಾಕೀಸಿಗೆ ಕೇಳುವಂತೆ ಕೂಗಿದ.

"ಬೆನ್ನು ತೋರಿಸಿ ಸಾಯ್ತಾರೇನ್ರೀ? ಥೂ, ಸಾಯೋಕೂ ಬರಲ್ವಲ್ಲಾ ಇವನಿಗೆ!"

ಜನ ಘೊಳ್ಳೆಂದು ನಕ್ಕರು. ಯಾರೋ ಸಿಳ್ಳೆ ಹಾಕಿದರು. ವ್ಯಾಪಾರಿ ತಲೆ ತಗ್ಗಿಸಿದ. ಆಣೆಯಿಟ್ಟಿದ್ದನಲ್ಲ, ಸುಳ್ಳು ಹೇಳುವಂತಿರಲಿಲ್ಲ.

"ಹೂಂ, ಸೋತೆ ಬಾಮೈದ. ಇವತ್ತು ಅವನು ಸರಿಯಾಗಿ ಬೀಳಲಿಲ್ಲ," ಎಂದ.

ವೇದಿಕೆಯ ಮೇಲೆ ರಾಜನ ಪಾತ್ರದವನು ತನ್ನ ಕುರ್ಚಿಯಲ್ಲಿ ನಗುತ್ತ ಕೂತಿದ್ದ. ಆ ನಗು ಹಾಗೆಯೇ ನಿಂತುಹೋಯಿತು. ಊರುಗೋಲು ಹುಡುಕದೆ ಎದ್ದ. ಓಡಲು ಹೋದ, ಮೊಣಕಾಲು ಕೇಳಲಿಲ್ಲ. ಕೊನೆಗೆ ಅಂಬೆಗಾಲಿಟ್ಟುಕೊಂಡೇ ಬಿದ್ದವನ ಹತ್ತಿರ ಹೋದ. ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡ. ನಾಟಕ ಕಂಪನಿಯ ದಿನಗಳಲ್ಲಿ ಕರೆಯುತ್ತಿದ್ದ ಹೆಸರು ಹಿಡಿದು ಕೂಗಿದ. "ಲೋ ಗಿಡ್ಡಾ! ಗಿಡ್ಡಾ, ಏಳೋ! ಲೋ!"

ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಎಂಥ ಜೋಡಿ, ಎಂಥ ಜೋಡಿ ಎಂದರು. ಅವನು ಅವರ ಕಡೆಗೆ ತಿರುಗಿ ಕೈ ಮುಗಿದ. "ನಿಲ್ಲಿಸ್ರಪ್ಪಾ, ದಮ್ಮಯ್ಯ, ನಿಲ್ಲಿಸಿ," ಎಂದು ಅಳುತ್ತ ಬೇಡಿಕೊಂಡ. ಅದಕ್ಕೂ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಒಬ್ಬ ವೈದ್ಯ ವೇದಿಕೆಗೆ ಹಾರಿ, ಬಿದ್ದವನ ಕೈ ಹಿಡಿದು ನೋಡಿದ. ಕಣ್ಣಿನ ರೆಪ್ಪೆ ಎತ್ತಿ ನೋಡಿದ. ಆಮೇಲೆ ಆ ರೆಪ್ಪೆಗಳನ್ನು ಬೆರಳಿನಿಂದ ಮುಚ್ಚಿದ. ಆಗ ಮುಂದಿನ ಸಾಲು ಸುಮ್ಮನಾಯಿತು. ಅದರ ಹಿಂದಿನ ಸಾಲು ಸುಮ್ಮನಾಯಿತು. ಹಾಗೇ ಕೊನೆಯ ಬೆಂಚಿನವರೆಗೂ ಮೌನ ಹರಡಿತು.

ರೈತ ಕುರ್ಚಿಯ ಮೇಲೆ ನಿಂತೇ ಇದ್ದ. ಚಪ್ಪಾಳೆಗೆ ಎತ್ತಿದ ಕೈಗಳೆರಡೂ ಗಾಳಿಯಲ್ಲೇ ಉಳಿದಿದ್ದವು. ಅವನ್ನು ಕೂಡಿಸಲೂ ಆಗಲಿಲ್ಲ, ಇಳಿಸಲೂ ಆಗಲಿಲ್ಲ. ಭಾವನೇ ಅವನನ್ನು ಹಿಡಿದು ಕೆಳಗಿಳಿಸಿದ. ಕೈ ಹಿಡಿದುಕೊಂಡು ಹೊರಗೆ ಕರೆತಂದ.

ವ್ಯಾಪಾರಿ ಮಾತಿಗೆ ತಪ್ಪಲಿಲ್ಲ. ಹಬ್ಬದ ದಿನ ಹೆಂಡತಿಯನ್ನು ಕರೆದುಕೊಂಡು ಬಾಮೈದನ ಬಾಗಿಲಿಗೆ ಬಂದ. ಅಕ್ಕ ಒಳಗೆ ಬಂದಳು. ಬಾಗಿನ ತೆಗೆದುಕೊಂಡಳು. ತಮ್ಮನ ತಲೆ ನೇವರಿಸಿದಳು. ರೈತ ಬೇಡಿದ್ದು ಅವನ ಕೈಗೆ ಬಂದಿತ್ತು. ಆದರೆ ಅವನು ಅಕ್ಕನ ಮುಖ ನೋಡಲಿಲ್ಲ. ಜಗಲಿಯ ಮೇಲೆ ಕೂತಿದ್ದ ಭಾವನ ಹತ್ತಿರ ಹೋಗಿ ಕುಸಿದು ಕೂತ.

"ಭಾವ, ಸಾಯೋನನ್ನ ನೋಡಿ ಸಾಯೋಕೂ ಬರಲ್ಲ ಅಂದೆನಲ್ಲ."

"ನಾನೂ ಹೂಂ ಅಂದೆನಲ್ಲೋ," ಎಂದ ವ್ಯಾಪಾರಿ.

ಅವನೂ ಬಾಮೈದನ ಪಕ್ಕಕ್ಕೆ ಸರಿದು ಕೂತ.

ಗುರುಗಳು ಕತೆ ಮುಗಿಸಿದರು. ತಾನು ಆಗಷ್ಟೇ ಆಡಿದ ಮಾತು ಕೈಸಾಲೆಯಲ್ಲಿ ಇನ್ನೂ ನಿಂತಿರುವಂತೆ ಮರುಳಸಿದ್ಧನಿಗೆ ಅನ್ನಿಸಿತು. ಕತೆಯೊಳಗಿನ ಒಬ್ಬ ಮುದುಕ ಬಿದ್ದಿದ್ದ. ಬಿದ್ದದ್ದರಲ್ಲಿ ತಾನು ಕೊರತೆ ಹುಡುಕಿದ್ದ. ಅದು ತನ್ನ ಬಾಯಿಂದಲೇ ಬಂದದ್ದು ಎಂದು ನಂಬಲು ಅವನಿಗೆ ಆಗಲಿಲ್ಲ. ಹೇಗಾದರೂ ಅದರಿಂದ ತಪ್ಪಿಸಿಕೊಳ್ಳಬೇಕೆನಿಸಿತು.

"ಬುದ್ಧಿ, ಅದರಲ್ಲಿ ರೈತನ ತಪ್ಪೇನು?" ಎಂದ. "ಸಾಯುವುದನ್ನು ಆಡಿ ತೋರಿಸಲೆಂದೇ ಎದ್ದವನು ಆ ನಟ. ಅದು ಆಟವೋ ನಿಜವೋ ಎಂದು ಯಾರಿಗೆ ತಾನೇ ತಿಳಿದೀತು?"

"ಅವನ ಎದುರಾಳಿ ನಟನಿಗೆ ತಿಳಿಯಿತಲ್ಲ, ಮಗು. ಅವನು ಬಿದ್ದವನನ್ನು ನೋಡುತ್ತಿದ್ದ, ನೀನೂ ರೈತನೂ ಬಿದ್ದದ್ದನ್ನು ಅಳೆಯುತ್ತಿದ್ದಿರಿ."