ಬುಧವಾರದ ಮೀನುಸಾರು

ಮೀನು ಸಂಶೋಧನಾ ಕೇಂದ್ರದ ಕೊಳದಲ್ಲಿ ಮೀನುಗಳಿಗೆಲ್ಲ ಹುಣ್ಣೆದ್ದಿತ್ತು. ಅವುಗಳ ಮರಿಗಳೇ ಊರೂರ ಕೆರೆಗಳಿಗೆ ಹೋಗಬೇಕಾದವು. ಜೊತೆಗೂಡಿ ಸಂಶೋಧನೆ ಮಾಡುವ ಹೊರಗಿನ ವಿಜ್ಞಾನಿಗಳು ಬರುವ ದಿನ, ಹುಣ್ಣಿನ ಸುದ್ದಿ ಮುಚ್ಚಿಡಲು ಕೇಂದ್ರದ ಮುಖ್ಯಸ್ಥ ಸಾಹೇಬರು ಅಡುಗೆಯಾಕೆಯನ್ನು ಕರೆದು ಗದರಿದರು: "ಪೇಟೆಯಿಂದ ಮೀನು ತಂದು ಸಾರು ಮಾಡು. ನಮ್ಮ ಕೊಳದ್ದೇ ಅಂತ ಹೇಳಿ ಬಡಿಸು. ಬಾಯಿಬಿಟ್ಟೆಯೋ, ಕೆಲಸ ಹೋಯ್ತು!"

"ಆಯ್ತು ಸಾಹೇಬ್ರೇ," ಅಂದಳು. ಹೇಳಿದಂತೆಯೇ ತಂದಳು, ಹೇಳಿದಂತೆಯೇ ಬಡಿಸಿದಳು. ಸಾಹೇಬರ ತಟ್ಟೆಗೆ ದೊಡ್ಡ ತುಂಡು ಹಾಕುವಾಗ ಮಾತ್ರ ಬಗ್ಗಿ ಪಿಸುಗುಟ್ಟಿದಳು: "ಪೇಟೇಲಿ ಮೀನು ಸಿಗಲಿಲ್ಲ. ಇದು ನಿಜವಾಗ್ಲೂ ನಮ್ಮ ಕೊಳದ್ದೇ."

ಸಾಹೇಬರ ತುತ್ತು ಬಾಯಿ ಹತ್ತಿರವೇ ನಿಂತಿತು. "ಸೋಮವಾರ ನಾನು ಮೀನು ಮುಟ್ಟೋದಿಲ್ಲ," ಎಂದು ತಟ್ಟೆ ಸರಿಸಿದರು.

"ಇವತ್ತು ಬುಧವಾರ ಅಲ್ವಾ?" ಅಂದರು ಹಿರಿಯ ವಿಜ್ಞಾನಿ. ಅನುಮಾನ ಬಂದು ವಿಜ್ಞಾನಿಗಳೆಲ್ಲ ಕೈತೊಳೆದು, ಬಲೆ ಹಿಡಿದು ನೇರ ಕೊಳಕ್ಕೇ ನಡೆದರು. ಬಲೆಗೆ ಬಿದ್ದ ಮೀನುಗಳ ಮೈತುಂಬ ಹುಣ್ಣು.

ಸಾಹೇಬರು ಕೆಂಡಾಮಂಡಲವಾಗಿ ಅಡುಗೆಮನೆಗೆ ನುಗ್ಗಿದರು. ಆಕೆ ಅದೇ ಸಾರು ಕಲಸಿಕೊಂಡು ಉಣ್ಣುತ್ತಿದ್ದಳು. ಎದ್ದು ನಿಲ್ಲಲಿಲ್ಲ.

"ಮೀನು ಪೇಟೆಯದೇ ಸಾಹೇಬ್ರೇ, ರುಚಿಯಾಗಿದೆ, ಬನ್ನಿ ಕೂತ್ಕೊಳ್ಳಿ. ಸುಳ್ಳು ಹೇಳು ಅಂದವರೂ ನೀವೇ, ನಂಬಿದವರೂ ನೀವೇ."