ಹಡಗಿನ ಗೆರೆಯ ಹೊರಗೆ ಕೂತ ಅಜ್ಜ

ಮಲಪ್ರಭೆಯ ದಂಡೆಯ ಮೇಲೆ ಅಡವಯ್ಯಜ್ಜನವರ ಆಶ್ರಮ. ಎರಡು ಹಂಚಿನ ಕೋಣೆ, ಒಂದು ಅಡುಗೆಮನೆ, ಒಂದು ದನದ ಕೊಟ್ಟಿಗೆ. ಸುತ್ತ ಹತ್ತಿ ಹೊಲ.

ಅಜ್ಜನವರ ದೊಡ್ಡಸ್ತಿಕೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಈ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಒಮ್ಮೆ ಹೊಳೆ ಉಕ್ಕಿ ಅಂಗಳಕ್ಕೇ ಬಂತು. ಊಟಕ್ಕೆ ಕೂತಿದ್ದ ಅಜ್ಜನವರು ತಲೆಯೆತ್ತಿ ಒಮ್ಮೆ ನೋಡಿದರು. ಹೊಳೆ ನಾಚಿಕೊಂಡು ಹಿಂದೆ ಸರಿಯಿತು. ನಂಬದವರು ಈಗಲೂ ಹೋಗಿ ಹೊಳೆಯನ್ನೇ ಕೇಳಬಹುದು.

ಆದರೆ ಈ ಕಥೆ ಅದಕ್ಕಿಂತ ದೊಡ್ಡದು.

ನೀಲಾಂಬಿಕಾ ಅವರ ಶಿಷ್ಯೆ. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಒಂದು ವರ್ಷ ಗುರುಗಳ ಹತ್ತಿರ ಇರಬೇಕೆಂದು ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಮಗಳು ಪಾರುಗೆ ಎಂಟು ವರ್ಷ, ಮಗ ಮುರಿಗೇಶನಿಗೆ ಆರು. ಇಬ್ಬರೂ ಆ ದೇಶದಲ್ಲಿ ಹುಟ್ಟಿದವರು. ವರ್ಷ ಮುಗಿದರೆ ಅಲ್ಲಿಗೇ ಹೋಗಿ ಬದುಕಬೇಕಾದವರು.

ಹುಟ್ಟಿದ ದೇಶದ ಚರಿತ್ರೆ ಮಕ್ಕಳಿಗೆ ಗೊತ್ತಿರಲಿ ಎಂದು ಆಕೆ ತಾನೇ ಪಾಠ ಮಾಡುತ್ತಿದ್ದಳು. ಪುಸ್ತಕ ತೆರೆದು ಒದರಿಸುವ ಪಾಠ ಅಲ್ಲ. ಎಲ್ಲ ಆಟ.

ಅಂಗಳದಲ್ಲಿ ರಂಗೋಲಿ ಪುಡಿಯಿಂದ ದೊಡ್ಡದೊಂದು ಹಡಗು ಬರೆದಳು. ಹಿಂದೆ ಆ ದೇಶಕ್ಕೆ ವಲಸೆ ಹೋದವರ ಹಾಗೆ ಮಕ್ಕಳು ಅದರೊಳಗೆ ಕೂತು ಸಮುದ್ರ ದಾಟಿದರು. ಗೆರೆ ದಾಟಿ ಕಾಲಿಟ್ಟವರು ಮುಳುಗಿದರು ಎಂದೇ ಲೆಕ್ಕ. ಮುರಿಗೇಶ ದಿನಕ್ಕೆ ಹತ್ತಾರು ಸಲ ಮುಳುಗಿ, ಹತ್ತಾರು ಸಲ ಬದುಕುತ್ತಿದ್ದ.

ದೂರದಲ್ಲಿದ್ದ ರಾಜ ಹೀಗೆ ಹೋಗಿ ನೆಲೆಸಿದವರು ಕುಡಿಯುವ ಚಹಕ್ಕೆ ತೆರಿಗೆ ಹಾಕಿದ, ಸಿಟ್ಟಿಗೆದ್ದವರು ಚಹವನ್ನೆಲ್ಲ ಸಮುದ್ರಕ್ಕೆ ಸುರಿದರು ಎಂಬ ಪಾಠ ಬಂತು. ಆ ದಿನ ಅಡುಗೆಮನೆಯ ಚಹಪುಡಿ ಹೊಳೆಗೆ ಹೋಯಿತು. ಆಶ್ರಮದಲ್ಲಿ ಯಾರಿಗೂ ಚಹ ಇಲ್ಲ. ಕೆಳಗಿನ ಊರಿನಲ್ಲಿ ಮೀನುಗಳು ವಾರವಿಡೀ ನಿದ್ದೆ ಮಾಡಲಿಲ್ಲ ಎಂದು ಬಲೆ ಹಾಕುವವರೇ ನನ್ನ ಮುಂದೆ ಹೇಳಿದ್ದಾರೆ.

ನಾನು ಶಾಲೆಯ ಕಟ್ಟೆ ಹತ್ತಿದವನಲ್ಲ. ಆದರೆ ಹತ್ತಾರು ಊರಿನ ಮಾಸ್ತರರನ್ನು ಕಂಡಿದ್ದೇನೆ. ಪಾಠ ಅಂದರೆ ಮಕ್ಕಳು ಉಣ್ಣುವುದು ಬಿಟ್ಟು ಓಡಿಬರುವುದನ್ನು ಕಂಡದ್ದು ಅಲ್ಲೊಂದೇ ಕಡೆ.

ಒಂದು ಬೆಳಿಗ್ಗೆ ಅಜ್ಜನವರು ಹಡಗಿನ ಹತ್ತಿರ ಬಂದು ನಿಂತರು.

“ನನಗೂ ಒಂದು ಪಾತ್ರ ಕೊಡು ತಂಗಿ.”

ನೀಲಾಂಬಿಕಾ ನಾಚಿದಳು. ಹಡಗಿನ ನಾಯಕ ಆಗಿರಿ ಅಂದಳು. ಅದು ಪಾರುವಿನ ಪಾತ್ರ; ಹುಡುಗಿಯ ಮುಖ ಸಣ್ಣದಾಯಿತು. ಹಾಗಾದರೆ ರಾಜ ಆಗಿರಿ ಅಂದಳು. ಮುರಿಗೇಶ ತನ್ನ ರಟ್ಟಿನ ಕಿರೀಟವನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ದೊಡ್ಡೋರು ಭಾಳ ಮಂದಿ ಆಗ್ಯಾರ,” ಅಂದರು ಅಜ್ಜ. “ಈ ಆಟದಾಗ ಯಾರನ್ನ ಬಿಟ್ಟೀದಿ, ಹೇಳು. ಅದು ನನಗಿರಲಿ.”

ಆಕೆ ಅವರನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಮಕ್ಕಳಿಗೆ ಕೇಳದ ಹಾಗೆ ಹೇಳಿದಳು. ಇನ್ನೊಂದು ಖಂಡದ ಜನರನ್ನು ಸರಪಳಿ ಹಾಕಿ ಹಡಗಿನ ತಳದಲ್ಲಿ ತುಂಬಿ ಆ ದೇಶಕ್ಕೆ ತಂದರಂತೆ. ಸಂತೆಯಲ್ಲಿ ನಿಲ್ಲಿಸಿ ಮಾರಿದರಂತೆ. ಅವರ ಮಕ್ಕಳು, ಮೊಮ್ಮಕ್ಕಳು ಕೂಲಿಯಿಲ್ಲದೆ ಹತ್ತಿ ಹೊಲದಲ್ಲೇ ಬಾಳು ಸವೆಸಿದರಂತೆ. ತಾಯಿಯನ್ನು ಒಬ್ಬನಿಗೆ, ಮಗುವನ್ನು ಇನ್ನೊಬ್ಬನಿಗೆ ಕೊಟ್ಟದ್ದೂ ಉಂಟಂತೆ.

“ನಾಳೆ ಅಲ್ಲಿ ನಿಂತು ಈ ದೇಶ ನಂದು ಅನಬೇಕಾದ ಮಕ್ಕಳು ಅಜ್ಜಾರ. ಅದರ ಮ್ಯಾಲೆ ಅಸಹ್ಯ ಹುಟ್ಟಿದ್ರ ಏನು ಮಾಡ್ಲಿ? ಅದಕ್ಕ ಆ ಪಾಠ ಬಿಟ್ಟೀನಿ.”

ಅಜ್ಜನವರು ತಪ್ಪು ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ.

“ಅವರನ್ನ ಊಟಕ್ಕ ಬರ್ರಿ ಅಂತ ಯಾರು ಕರೀತಿದ್ರು?”

“ಯಾರು ಕರೀತಾರ್ರಿ. ಹಾಕಿದಾಗ ಹಾಕಿದ್ದು ತಿನ್ನಬೇಕು.”

“ಹಂಗಾದ್ರ ನನ್ನೂ ಯಾರೂ ಕರೀಬ್ಯಾಡ್ರಿ.”

ಹೊಲದಿಂದ ಒಣಗಿದ ಹತ್ತಿಕಾಯಿ ತರಿಸಿ ರಾಶಿ ಹಾಕಿಕೊಂಡು, ಹಡಗಿನ ಗೆರೆಯ ಹೊರಗೆ, ಬಿಸಿಲಿನಲ್ಲಿ ಕೂತರು. ಒಂದೊಂದೇ ಕಾಯಿ ಹಿಡಿದು ಅರಳೆ ಬಿಡಿಸತೊಡಗಿದರು. ಒಣಗಿದ ಹತ್ತಿಕಾಯಿಯ ತುದಿ ಸೂಜಿಯಂತೆ. ಹಿಡಿದವರ ಬೆರಳಿಗೇ ಗೊತ್ತು.

ಮಕ್ಕಳು ಹಡಗಿನಲ್ಲಿ ಸಮುದ್ರ ದಾಟುತ್ತಲೇ ಇದ್ದರು.

ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಅಜ್ಜನವರು ಏಳಲಿಲ್ಲ. ನೀಲಾಂಬಿಕಾ ಹೋಗಿ ಎದುರು ನಿಂತಳು. ಅವರು ಆಕೆಯ ಕಡೆ ನೋಡಿದರು. ಗುರು ಶಿಷ್ಯೆಯನ್ನು ನೋಡುವ ಹಾಗಲ್ಲ, ಆಳು ಹೊಲದ ಒಡತಿಯನ್ನು ನೋಡಿದ ಹಾಗೆ. ತಲೆ ತಗ್ಗಿಸಿ ಇನ್ನೂ ಬೇಗ ಬೇಗ ಬಿಡಿಸಿದರು.

ಆಕೆಗೆ ನಿಲ್ಲಲಾಗಲಿಲ್ಲ. ತಿರುಗಿ ಬಂದಳು.

ಸಂಜೆಯೂ ಅವರು ಉಣ್ಣಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಅದೇ ಜಾಗ, ಅದೇ ರಾಶಿ.

ಹರೆಯದಲ್ಲಿ ಅಜ್ಜನವರು ಎಷ್ಟು ದಿನ ಉಪವಾಸ ಮಾಡಿದ್ದರೆಂದರೆ, ಅಡುಗೆಮನೆಯ ಒಲೆಗೇ ಬೇಸರ ಬಂದು ಊರು ಬಿಟ್ಟು ಹೋಗಲು ಹೊರಟಿತ್ತು. ನಾನೇ ಸಮಾಧಾನ ಮಾಡಿದ್ದು. ಆದರೆ ಅದು ಹರೆಯದ ಮಾತು. ಈಗ ಅವರಿಗೆ ಎಂಬತ್ತು ದಾಟಿತ್ತು. ಬಿಳಿ ಅರಳೆಯ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ ಕಾಣತೊಡಗಿತು.

ಆಶ್ರಮದವರೆಲ್ಲ ನೀಲಾಂಬಿಕಾಳ ಮುಖ ನೋಡುತ್ತಿದ್ದರು. ಆಕೆ ಮಕ್ಕಳ ಮುಖ ನೋಡುತ್ತಿದ್ದಳು. ಅವತ್ತು ಕಾಗದದ ಬಾವುಟ ಮಾಡುವ ಪಾಠ. ಬಾವುಟಕ್ಕೆ ಅಂಟು ಹಚ್ಚುತ್ತಿದ್ದ ಮುರಿಗೇಶ ಕೈ ನಿಲ್ಲಿಸಿದ.

“ಅಜ್ಜಾ, ನೀ ಯಾರ ಪಾತ್ರ?”

“ಈ ಆಟದಾಗ ನನಗ ಮಾತು ಕೊಟ್ಟಿಲ್ಲಪ್ಪಾ. ನಿಮ್ಮವ್ವನ್ನ ಕೇಳು.”

ನೀಲಾಂಬಿಕಾ ಹಡಗಿನೊಳಗೆ ಹೋಗಿ ಮಕ್ಕಳ ನಡುವೆ ಕೂತಳು. ಹೇಳಿದಳು. ಸರಪಳಿ ಹೇಳಿದಳು, ಸಂತೆ ಹೇಳಿದಳು, ಹತ್ತಿ ಹೊಲ ಹೇಳಿದಳು. ತಾಯಿ ಮಗುವಿನ ಮಾತು ಬಂದಾಗ ಇಬ್ಬರನ್ನೂ ಹತ್ತಿರ ಎಳೆದುಕೊಂಡಳು. ಹೇಳುವುದನ್ನು ನಿಲ್ಲಿಸಲಿಲ್ಲ. ಎಷ್ಟೋ ಶಾಸ್ತ್ರಿಗಳ ಪುರಾಣ ಕೇಳಿದ ಕಿವಿ ನನ್ನವು. ಹಾಗೆ ಹೇಳಿದವರನ್ನು ಕೇಳಿಲ್ಲ.

ಪಾರು ತಲೆಯ ಮೇಲಿದ್ದ ನಾಯಕನ ಟೋಪಿ ತೆಗೆದಳು. ಮುದ್ದೆ ಮಾಡಿ ಎಸೆದಳು.

“ನಾ ಅಲ್ಲಿಗೆ ವಾಪಸ್ ಹೋಗಂಗಿಲ್ಲ.”

ತಾಯಿ ಯಾವುದಕ್ಕೆ ಹೆದರಿದ್ದಳೋ ಅದೇ ಆಯಿತು. ಆಕೆ ಗುರುಗಳ ಕಡೆ ನೋಡಿದಳು. ಆ ನೋಟದಲ್ಲಿ ಭಕ್ತಿ ಇರಲಿಲ್ಲ, ಸಿಟ್ಟಿತ್ತು. ಅಜ್ಜನವರು ಇನ್ನೊಂದು ಕಾಯಿ ಕೈಗೆತ್ತಿಕೊಂಡರು.

ಪಾರು ಅವರ ಬೆರಳುಗಳನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು, ಅವರಲ್ಲಿ ಯಾರೂ ತಪ್ಪಿಸಿಕೊಂಡು ಓಡಲಿಲ್ಲವೇ ಎಂದು.

ಓಡಿದರು, ಅಂದಳು ತಾಯಿ. ಅಡವಿಯಲ್ಲಿ, ಕೆಸರಿನಲ್ಲಿ, ಧ್ರುವ ನಕ್ಷತ್ರ ನೋಡಿಕೊಂಡು, ಮನುಷ್ಯರನ್ನು ಮಾರದ ಉತ್ತರದ ಸೀಮೆಗೆ ಓಡಿದರು. ಅವರನ್ನು ಮನೆಯೊಳಗೆ ಅಡಗಿಸಿ ಊಟ ಕೊಟ್ಟವರೂ ಆ ದೇಶದಲ್ಲಿದ್ದರು. ಸಿಕ್ಕಿಬಿದ್ದರೆ ಅಡಗಿಸಿದವರಿಗೂ ಶಿಕ್ಷೆ. ಒಬ್ಬ ಹೆಣ್ಣುಮಗಳು ತಾನು ತಪ್ಪಿಸಿಕೊಂಡು ಹೋದ ಮೇಲೂ ಮತ್ತೆ ಮತ್ತೆ ಬಂದು ಬೇರೆಯವರನ್ನು ಕರೆದುಕೊಂಡು ಹೋದಳು.

“ತಪ್ಪಿಸಿಕೊಂಡಾಕಿ ತಿರುಗಿ ಯಾಕ ಬಂದ್ಲು?”

“ಉಳಿದವರು ಅಲ್ಲೇ ಇದ್ರಲ್ಲ.”

ಪಾರು ಎದ್ದಳು.

“ಹಂಗಾದ್ರ ನಾ ಆಕಿ.”

ಗೆರೆ ದಾಟಿ ಕಾಲಿಟ್ಟಳು. ಅಕ್ಕಾ ಮುಳುಗ್ತಿ, ಅಂದ ಮುರಿಗೇಶ. ಅವಳು ಮುಳುಗಲಿಲ್ಲ.

ಅಜ್ಜನವರ ಕೈ ಹಿಡಿದು ಎಬ್ಬಿಸಿದಳು. ಸಪ್ಪಳ ಮಾಡಬೇಡಿ, ಬಗ್ಗಿ ನಡೆಯಿರಿ ಎಂದು ಕಿವಿಯಲ್ಲಿ ಹೇಳಿದಳು. ಹೊಳೆಯನ್ನೇ ಹಿಂದೆ ಸರಿಸಿದ ಮಹಾನುಭಾವರು ಎಂಟು ವರ್ಷದ ಹುಡುಗಿಯ ಹಿಂದೆ ಬೆನ್ನು ಬಗ್ಗಿಸಿ, ಉಸಿರು ಬಿಗಿಹಿಡಿದು, ತಿಪ್ಪೆಯ ಮರೆಯಲ್ಲಿ ನಡೆದರು. ಕೊಟ್ಟಿಗೆಯ ಆಕಳು ಅಂಬಾ ಅಂದಿತು. ಪಾರು ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಆ ಆಕಳು ಸಂಜೆಯ ತನಕ ಬಾಯಿ ಬಿಡಲಿಲ್ಲ. ಇದು ಸತ್ಯ.

ಮುರಿಗೇಶ ಕಿರೀಟ ತೆಗೆದಿಟ್ಟು ತಾಯಿಯ ಸೀರೆ ಎಳೆದ.

“ಮತ್ತ ನಾ ಯಾರವ್ವಾ?”

ನೀಲಾಂಬಿಕಾ ಅಡುಗೆಮನೆಯ ಕಡೆ ಕೈ ತೋರಿಸಿದಳು.

“ನೀ ಬಾಗಿಲಾ ತೆಗೆಯಾಂವ. ಓಡು.”

ಅವನು ಓಡಿ ಅಡುಗೆಮನೆಯ ಹಿಂಬಾಗಿಲು ತೆರೆದ. ಮೂವರೂ ಒಳಗೆ ಸೇರಿದರು. ಪಾರು ತಾನೇ ತಟ್ಟೆ ಹಾಕಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ಬಡಿಸಿದಳು. ಅಜ್ಜನವರು ಉಂಡರು. ರೊಟ್ಟಿ ಬಡಿಯುವವಳ ಕೈ ಸೋತಿತೇ ಹೊರತು ಅವರ ಬಾಯಿ ಸೋಲಲಿಲ್ಲ.

ನೀಲಾಂಬಿಕಾ ನೀರಿನ ತಂಬಿಗೆ ತಂದಿಟ್ಟಳು. ಸಿಟ್ಟು ಇಳಿದಿತ್ತು. ಹೆದರಿಕೆ ಇಳಿದಿರಲಿಲ್ಲ.

“ವಾಪಸ್ ಹೋಗಂಗಿಲ್ಲ ಅಂದ್ಲು, ಕೇಳಿದ್ರಲ್ಲ ಅಜ್ಜಾರ. ಇನ್ನ ಆ ದೇಶ ನಂದು ಅಂತ ಹೆಂಗ ಅಂದಾಳು?”

ಬಾಗಿಲ ಸಂದಿಯಲ್ಲಿ ಪಾರು ಮತ್ತು ಮುರಿಗೇಶ ತಲೆಗೆ ತಲೆ ತಾಗಿಸಿ ನಿಂತು, ಅಟ್ಟಿಸಿಕೊಂಡು ಯಾರಾದರೂ ಬರುತ್ತಾರೇನೋ ಎಂದು ಹೊರಗೆ ಕಾವಲು ಕಾಯುತ್ತಿದ್ದರು.

ಅಜ್ಜನವರು ರೊಟ್ಟಿ ಮುರಿಯುತ್ತ ಅವರ ಕಡೆ ನೋಡಿದರು.

“ನನ್ನ ಇಲ್ಲೀತನಕ ಕರ್ಕೊಂಡು ಬಂದ ಈ ಮಕ್ಕಳು ಯಾವ ದೇಶದವ್ರು, ತಂಗಿ?”